ಸೀಲು ನೋಡುವ ಯಂಕಮ್ಮ

ಬೆಂಗಳೂರಿನ ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಒಂದು ಬಿರಿಯಾನಿ ಹೋಟೆಲಿನ ಮೇಲೆ, ನೋಟರಿ ಸಂಜೀವಪ್ಪನವರ ಆಫೀಸಿತ್ತು. ಕುವೈತಿಗೋ ಮಸ್ಕತ್ತಿಗೋ ಕೆಲಸಕ್ಕೆ ಹೊರಟವರು ತಮ್ಮ ಮಾರ್ಕ್ಸ್ ಕಾರ್ಡು, ಡಿಪ್ಲೊಮಾ, ಮದುವೆ ಸರ್ಟಿಫಿಕೇಟುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಎದೆಗವಚಿಕೊಂಡು ಅಲ್ಲಿಯ ಕಡಿದಾದ ಮೆಟ್ಟಿಲು ಹತ್ತುತ್ತಿದ್ದರು. ಹತ್ತಿ ಬಂದವರು ಏದುಸಿರು ಬಿಡುತ್ತಾ ಮೊದಲು ವಿಚಾರಿಸುತ್ತಿದ್ದುದು ಸಂಜೀವಪ್ಪನವರನ್ನಲ್ಲ. "ಯಂಕಮ್ಮ ಇದಾರಾ?" ಅಂತ ಕೇಳುತ್ತಿದ್ದರು. ಬೋರ್ಡಿನ ಮೇಲೆ ತಮ್ಮ ಹೆಸರು, ಡಿಗ್ರಿ ಎಲ್ಲವನ್ನೂ ದೊಡ್ಡದಾಗಿ ಬರೆಸಿಕೊಂಡಿದ್ದ ಸಂಜೀವಪ್ಪನವರಿಗೆ ಇದರಿಂದ ಒಳಗೊಳಗೇ ಉರಿಯುತ್ತಿತ್ತು. ಆದರೆ ಯಂಕಮ್ಮ ಒಂದು ದಿನ ಬರದಿದ್ದರೆ ತಮಗೆ ಕೈಕಾಲೇ ಆಡುವುದಿಲ್ಲವೆಂಬುದೂ ಅವರಿಗೆ ಗೊತ್ತಿತ್ತು.

ಇಲ್ಲಿಯ ಸರ್ಟಿಫಿಕೇಟು ಸಮುದ್ರದಾಚೆ ನಡೆಯಬೇಕಾದರೆ ಅದರ ಬೆನ್ನ ಮೇಲೆ ನಾಲ್ಕು ಕಡೆಯ ಸೀಲು ಬೀಳಬೇಕಾಗಿದ್ದ ಕಾಲ ಅದು. ಮೊದಲು ನೋಟರಿಯದು, ಆಮೇಲೆ ಬಹುಮಹಡಿ ಕಟ್ಟಡದಲ್ಲಿ ರಾಜ್ಯ ಸರ್ಕಾರದ್ದು, ಅಲ್ಲಿಂದ ದೆಹಲಿಗೆ ಹೋಗಿ ವಿದೇಶಾಂಗ ಸಚಿವಾಲಯದ್ದು, ಕೊನೆಗೆ ಯಾವ ದೇಶಕ್ಕೆ ಹೊರಟಿದ್ದಾರೋ ಆ ದೇಶದ ರಾಯಭಾರ ಕಚೇರಿಯದು. ಈ ಸಾಲಿನಲ್ಲಿ ಪ್ರತಿಯೊಬ್ಬರೂ ತಮ್ಮ ಹಿಂದಿನವರ ಸೀಲು ನೋಡುತ್ತಾರೆ, ಸರಿಯಿದೆ ಅನ್ನಿಸಿದರೆ ತಮ್ಮದನ್ನು ಪಕ್ಕದಲ್ಲಿ ಒತ್ತುತ್ತಾರೆ. ಯಾರು ಎಷ್ಟು ಮಾರ್ಕ್ಸು ತೆಗೆದಿದ್ದಾರೆ ಅಂತ ಕಾಗದ ತಿರುಗಿಸಿ ಓದುವ ಗೋಜಿಗೆ ಯಾರೂ ಹೋಗುವುದಿಲ್ಲ. ಅದು ಅವರ ಕೆಲಸವೂ ಅಲ್ಲ. ಹಾಗಾಗಿ ಒಂದಕ್ಷರ ಓದಲು ಬಾರದ ಯಂಕಮ್ಮ ಇಂಥ ಕೆಲಸದಲ್ಲಿ ಪಳಗಿದ್ದು ದೊಡ್ಡ ಆಶ್ಚರ್ಯವೇನಲ್ಲ. ಅವಳಿಗೆ ಓದಲು ಬರುವುದಿಲ್ಲವೆಂಬುದು ಆ ಆಫೀಸಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ ಅನ್ನುವುದೇ ಆಶ್ಚರ್ಯ.

ಈಗ ಕಲ್ಯಾಣ ನಗರ ಅಂತ ಕರೆಯುವ ಕಡೆ ಯಂಕಮ್ಮನ ಅತ್ತೆ ಮನೆಯವರ ಸೊಪ್ಪಿನ ಮಡಿಗಳಿದ್ದವು. ಕೊತ್ತಂಬರಿ, ದಂಟು, ಸಬ್ಬಸಿಗೆ. ಬೆಳಗಿನ ಜಾವ ಕಿತ್ತು, ಕಟ್ಟು ಕಟ್ಟಿ, ಕುಕ್ಕೆಯಲ್ಲಿ ಹೊತ್ತು ಅವಳು ಇಪ್ಪತ್ತು ವರ್ಷ ರಸೆಲ್ ಮಾರುಕಟ್ಟೆಗೆ ಬಂದವಳು. ಆಮೇಲೆ ಬಿಡಿಎದವರು ಲೇಔಟಿಗೆಂದು ಜಮೀನು ತೆಗೆದುಕೊಂಡರು. ಪರಿಹಾರದ ಕಾಗದಕ್ಕೆ ಮನೆಯವರೆಲ್ಲ ಸಾಲಾಗಿ ಸಹಿ ಹಾಕುವಾಗ ಯಂಕಮ್ಮನ ಸರದಿ ಬಂತು. ಮೇಜಿನ ಹಿಂದೆ ಕೂತಿದ್ದವನು ತಲೆ ಎತ್ತದೆ, "ಹೆಬ್ಬೆಟ್ಟಾ?" ಅಂದ. ಅಂದವನಿಗೆ ಅದು ನೆನಪೂ ಇರಲಾರದು. ಆದರೆ ಅವನು ಮುಂದಕ್ಕೆ ತಳ್ಳಿದ ಇಂಕ್ ಪ್ಯಾಡು, ಹಿಂದೆ ನಿಂತಿದ್ದ ನಾದಿನಿ ಸೆರಗಿನ ಮರೆಯಲ್ಲಿ ನಕ್ಕಿದ್ದು, ಹೆಬ್ಬೆರಳಿನ ಮಸಿ ಸಂಜೆಯಾದರೂ ಹೋಗದೆ ಕೂತದ್ದು ಯಂಕಮ್ಮನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತು. ಜಮೀನು ಹೋದದ್ದಕ್ಕೆ ಅವಳು ಅತ್ತಿರಲಿಲ್ಲ. ಆ ಹೆಬ್ಬೆಟ್ಟಿಗೆ ಅತ್ತಳು.

ಮರುದಿನವೇ ಮಗ ಶ್ರೀನಾಥನನ್ನು ಕೂರಿಸಿಕೊಂಡು ತನ್ನ ಹೆಸರನ್ನು ಬರೆಯುವುದನ್ನು ಕಲಿತಳು. ಕಲಿತಳು ಅಂದರೆ ರಂಗೋಲಿ ಕಲಿತಂತೆ ಕಲಿತಳು. ಎಲ್ಲಿಂದ ಶುರು, ಎಲ್ಲಿ ಸುತ್ತು, ಎಲ್ಲಿ ನಿಲ್ಲಿಸುವುದು ಅಷ್ಟೇ. ಒಂದು ವಾರದಲ್ಲಿ ಅವಳ ಸಹಿ ಗಂಡ ರಾಮಾಂಜಿನಪ್ಪನ ಸಹಿಗಿಂತ ದುಂಡಗಾಯಿತು. ಮುಂದಕ್ಕೆ ಅಕ್ಷರಗಳನ್ನೂ ಕಲಿಸುತ್ತೇನೆ ಅಂತ ಮಗ ಹೇಳಿದಾಗ, "ಸಾಕು ಬಿಡು, ಇನ್ನೇನು ನಾನು ಕಲೆಕ್ಟ್ರು ಆಗ್ಬೇಕಾ?" ಅಂದುಬಿಟ್ಟಳು. ಆಮೇಲೆ ಕಲಿಯಬೇಕು ಅನ್ನಿಸಿದಾಗ ಕೇಳಲು ನಾಚಿಕೆಯಾಯಿತು.

ಪರಿಹಾರದ ಹಣದಲ್ಲಿ ಕಟ್ಟಿಸಿದ ಮನೆಗಳ ಬಾಡಿಗೆ ಬರುತ್ತಿತ್ತು. ರಾಮಾಂಜಿನಪ್ಪ ಜಗಲಿಯ ಮೇಲೆ ಕಾಲು ಚಾಚಿ ಪೇಪರು ಓದುತ್ತಾ ಸುಖವಾಗಿದ್ದ. ಯಂಕಮ್ಮನಿಗೆ ಮಾತ್ರ ಸುಮ್ಮನೆ ಕೂರುವುದೆಂದರೆ ಜ್ವರ ಬಂದ ಹಾಗೆ. ಹಳೇ ಗಿರಾಕಿಯಾಗಿದ್ದ ಸಂಜೀವಪ್ಪನವರು ಆಫೀಸು ಗುಡಿಸಿ, ಕಾಗದ ತಲುಪಿಸಲು ನಂಬಿಕೆಯವರು ಬೇಕು ಅಂದಾಗ ಗಂಡನನ್ನೂ ಕೇಳದೆ ಒಪ್ಪಿಕೊಂಡಳು. ಅದು ತೊಂಬತ್ತೆರಡನೇ ಇಸವಿ. ಸಂಬಳದ ಪುಸ್ತಕದಲ್ಲಿ ಅವಳು ಹಾಕಿದ ದುಂಡನೆಯ ಸಹಿ ನೋಡಿ ಸಂಜೀವಪ್ಪನವರು, ಅಡ್ಡಿಯಿಲ್ಲ, ಓದಿದವಳು ಅಂದುಕೊಂಡರು. ಯಂಕಮ್ಮ ಅವರನ್ನು ತಿದ್ದಲು ಹೋಗಲಿಲ್ಲ.

ಒಂಬತ್ತು ವರ್ಷ ಅವಳು ಹೇಗೆ ನಿಭಾಯಿಸಿದಳು ಅಂತ ಕೇಳಿದರೆ, ತಲೆ ಉಪಯೋಗಿಸಿ ಅನ್ನಬೇಕು. ಕಾಗದ ತಂದವರಿಗೆ, "ನಿಮ್ಮ ಹೆಸರು, ಯಾವ ಊರು, ಯಾವ ದೇಶ, ನಿಮ್ಮ ಬಾಯಿಂದ್ಲೇ ಹೇಳಿ, ತಪ್ಪಾಗ್ಬಾರ್ದು" ಅನ್ನುವಳು. ಜನ ಇದನ್ನು ಶಿಸ್ತು ಅಂದುಕೊಂಡರು. ಪ್ರತಿ ಕಾಗದದ ಜೊತೆ ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ ಇರಲೇಬೇಕೆಂದು ನಿಯಮ ಮಾಡಿದಳು, ಮುಖ ನೋಡಿ ಕಾಗದ ಗುರುತಿಸುತ್ತಿದ್ದಳು. ಸೌದಿಗೆ ಹೋಗುವುದಕ್ಕೆ ಹಸಿರು ದಾರ, ಕುವೈತಿಗೆ ಕೆಂಪು, ದುಬೈಗೆ ಬಿಳಿ, ಮಸ್ಕತ್ತಿಗೆ ಹಳದಿ. ಸೊಪ್ಪಿನ ಕಟ್ಟಿನ ಹಾಗೆ ಬಿಗಿಯಾಗಿ ಒಂದು ಗಂಟು. ಬಂಡಲನ್ನು ದೆಹಲಿಗೆ ಒಯ್ಯುತ್ತಿದ್ದ ಕೆಂಪರಾಜನಿಗೂ ಇದು ಎಷ್ಟು ಒಗ್ಗಿತೆಂದರೆ, ಅವನೂ ದಾರ ನೋಡುತ್ತಿದ್ದನೇ ಹೊರತು ಲಕೋಟೆಯ ಮೇಲೆ ಬರೆದದ್ದನ್ನು ನೋಡುತ್ತಿರಲಿಲ್ಲ.

ಇನ್ನು ಸೀಲುಗಳ ವಿಷಯದಲ್ಲಿ ಯಂಕಮ್ಮನ ಕಣ್ಣು ತಪ್ಪಿಸಲು ಸಾಧ್ಯವೇ ಇರಲಿಲ್ಲ. ಓದಬಲ್ಲವರು ಸೀಲಿನಲ್ಲಿರುವ ಅಕ್ಷರ ಓದಿ ಬಿಟ್ಟುಬಿಡುತ್ತಾರೆ. ಅವಳು ಸೀಲನ್ನೇ ನೋಡುತ್ತಿದ್ದಳು. ಬಹುಮಹಡಿ ಕಟ್ಟಡದ ದುಂಡು ಸೀಲಿನ ಹೊರಗೆರೆ ಕೆಳಗೆ ಬಲಕ್ಕೆ ಇಲಿ ಕಡಿದಷ್ಟು ಮುರಿದಿತ್ತು. ಶಾಯಿ ನೇರಳೆ. ಅಲ್ಲಿಯ ಗುಮಾಸ್ತೆ ಪದ್ಮಶ್ರೀ ಎಡಗೈಯವರಾದ್ದರಿಂದ ಸೀಲು ಸ್ವಲ್ಪ ಎಡಕ್ಕೆ ವಾಲಿ ಬೀಳುತ್ತಿತ್ತು. ದೆಹಲಿಯ ಸೀಲಿನಲ್ಲಿ ಒಂದು ಸಿಂಹದ ಮುಖ ಮಸಿ ಮೆತ್ತಿ ಮಬ್ಬಾಗಿತ್ತು. ತೊಂಬತ್ತೇಳರಲ್ಲಿ ಒಬ್ಬ ಡ್ರೈವರು ತಂದ ಕಾಗದ ನೋಡಿ, "ಇದು ಅಲ್ಲಿಂದಲ್ಲ" ಅಂದಳು. ಸಂಜೀವಪ್ಪನವರು ವಿಚಾರಿಸಿದರೆ ನಿಜ, ಯಾವನೋ ದಲ್ಲಾಳಿ ಮನೆಯಲ್ಲೇ ಒತ್ತಿಕೊಟ್ಟಿದ್ದ. ಎರಡು ವರ್ಷದ ಮೇಲೆ ಇನ್ನೊಂದು ಹಾಗೇ ಸಿಕ್ಕಿತು. ಅಲ್ಲಿಂದ ಮುಂದೆ ಆ ಗಲ್ಲಿಯ ಬೇರೆ ನೋಟರಿಗಳ ಗಿರಾಕಿಗಳೂ, "ಸ್ವಲ್ಪ ನೋಡಿಕೊಡಿ ಯಂಕಮ್ಮ" ಅಂತ ಮೆಟ್ಟಿಲು ಹತ್ತತೊಡಗಿದರು. ಅವಳು ಕಾಗದವನ್ನು ಕಿಟಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ತೀರ್ಪು ಕೊಡುವಳು. ಅಷ್ಟು ಜನ ತನ್ನ ಬಾಯನ್ನೇ ನೋಡುತ್ತಾ ನಿಲ್ಲುವುದು ಅವಳಿಗೆ ಬಹಳ ಇಷ್ಟವಾಗುತ್ತಿತ್ತು.

ಎರಡು ಸಾವಿರದ ಒಂದನೇ ಇಸವಿಯ ಆಯುಧಪೂಜೆಗೆ ಎರಡು ದಿನ ರಜೆ. ಹಿಂದಿನ ದಿನ, ಬುಧವಾರವೇ, ಎಲ್ಲ ಆಫೀಸುಗಳಲ್ಲೂ ಪೂಜೆ. ಸಂಜೀವಪ್ಪನವರ ಆಫೀಸಿನಲ್ಲಿ ಪ್ರತಿ ವರ್ಷದಂತೆ ಯಂಕಮ್ಮನೇ ಟೈಪ್‌ರೈಟರು, ಸ್ಟೇಪ್ಲರು, ನೋಟರಿ ಸೀಲು ಎಲ್ಲವನ್ನೂ ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು, ಬೂದುಗುಂಬಳ ಒಡೆಸಿದಳು. ಹಬ್ಬ ಮುಗಿದು ಮಗಳು ಹಂಸಳನ್ನು ಹೊಸಕೋಟೆಗೆ ಬಿಟ್ಟು ಬರಲು ಹೋದವಳು ಸೋಮವಾರವೂ ಕೆಲಸಕ್ಕೆ ಬರಲಿಲ್ಲ. ಮಂಗಳವಾರ ಬಂದಳು. ಅದು ಬಂಡಲ್ ಕಟ್ಟುವ ದಿನ. ಹದಿನೈದು ದಿನಕ್ಕೊಮ್ಮೆ, ಮಂಗಳವಾರ ಸಂಜೆಯ ದೆಹಲಿ ರೈಲಿಗೆ ಕೆಂಪರಾಜ ಕಾಗದ ಹೊತ್ತುಕೊಂಡು ಹೊರಡುತ್ತಿದ್ದ. ಸಂಜೀವಪ್ಪನವರು ಅಂದು ಮೇಯೋ ಹಾಲಿನ ಕೋರ್ಟಿಗೆ ಹೋಗಿದ್ದರು. "ಬಂಡಲ್ ನೀವೇ ನೋಡ್ಕೊಂಡ್ಬಿಡಿ ಯಂಕಮ್ಮ" ಅಂತ ಹೇಳಿ ಹೋಗಿದ್ದರು.

ಮಧ್ಯಾಹ್ನ ಮೂರರ ಹೊತ್ತಿಗೆ ಜಯಮಾಲಾ ಬಂದಳು. ಇಪ್ಪತ್ಮೂರು ವರ್ಷದ ನರ್ಸು. ಅವಳ ಅಪ್ಪ ಬಸಣ್ಣ, ಅವ್ವ ಅಮೃತಮ್ಮ ಸೇಡಂ ಕಡೆಯಿಂದ ಬಂದು ಕೆ.ಆರ್. ಪುರದಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದು, ಕಟ್ಟಡದ ಕೆಲಸಕ್ಕೆ ಹೋಗಿ ಅವಳನ್ನು ಓದಿಸಿದ್ದರು. ಇಂದಿರಾನಗರದ ಒಂದು ನರ್ಸಿಂಗ್ ಹೋಮಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ ಅವಳಿಗೆ ಕುವೈತಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ನಾಲ್ಕೂ ಸೀಲು ಬಿದ್ದ ಡಿಪ್ಲೊಮಾ ಮುಂದಿನ ವಾರದ ಗುರುವಾರದೊಳಗೆ ಏಜೆಂಟನ ಕೈ ಸೇರಬೇಕು. ಇವತ್ತಿನ ರೈಲಿಗೆ ಹೋದರೆ ಆ ಗುರುವಾರ ಬೆಳಿಗ್ಗೆ ವಾಪಸ್ಸು ಬರುತ್ತದೆ. ತಪ್ಪಿದರೆ ಅವಳ ಜಾಗ ಪಟ್ಟಿಯಲ್ಲಿ ಅವಳ ನಂತರ ಇರುವವರಿಗೆ ಹೋಗುತ್ತದೆ. ಏಜೆಂಟ ಅದನ್ನು ಮೂರು ಸಲ ಹೇಳಿದ್ದ, ಅವಳು ಯಂಕಮ್ಮನಿಗೆ ಒಂದು ಸಲ ಹೇಳಿದಳು.

ನೋಟರಿ ಸೀಲು ಹಬ್ಬಕ್ಕೆ ಮೊದಲೇ ಆಗಿತ್ತು. ರಾಜ್ಯ ಸರ್ಕಾರದ್ದನ್ನು ಸೋಮವಾರ ತಾನೇ ಸಾಲಿನಲ್ಲಿ ನಿಂತು ಹಾಕಿಸಿಕೊಂಡು ಬಂದಿದ್ದೇನೆ ಅಂದಳು. ಯಂಕಮ್ಮ ಕಾಗದ ತಿರುಗಿಸಿ ಕಿಟಕಿಗೆ ಹಿಡಿದಳು. ಅವಳ ಮುಖ ಬಿಗಿಯಾಯಿತು. ಹೊರಗೆರೆ ಎಲ್ಲೂ ಮುರಿಯದೆ ಗುಂಡಗೆ ಪೂರ್ತಿ ಇತ್ತು. ಅಂಚಿನಲ್ಲಿ ನೇರಳೆ ಶಾಯಿಯ ಜೊತೆ ಒಂದಿಷ್ಟು ಕೆಂಪು ಬಣ್ಣ ಬೆರೆತಿತ್ತು.

"ಯಾರ ಕೈಲಿ ಹಾಕಿಸ್ದೆ ಇದನ್ನ?" ಅಂದಳು.

"ನಾನೇ ಹೋಗಿದ್ದೆ ಆಂಟಿ. ಬಹುಮಹಡಿ ಕಟ್ಟಡಕ್ಕೆ."

"ನೋಡವ್ವ, ನನ್ನತ್ರ ಸುಳ್ಳು ಹೇಳ್ಬೇಡ. ಹೊರಗಡೆ ಯಾರಾದ್ರೂ ಬೇಗ ಮಾಡಿಸ್ಕೊಡ್ತೀನಿ ಅಂದ್ರಾ? ಹೇಳು, ನಿನ್ನ ಏನೂ ಅನ್ನಲ್ಲ."

"ಇಲ್ಲ ಆಂಟಿ. ಎಡಗೈಲಿ ಸೀಲ್ ಹಾಕೋ ಮೇಡಂ ಇದಾರಲ್ಲ, ಅವ್ರೇ ಹಾಕಿದ್ದು. ಅದ್ರ ಜೊತೆ ಒಂದು ಚೀಟಿ ಕೊಟ್ಟಿದಾರೆ, ನೋಟರಿ ಆಫೀಸಿಗೆ ಕೊಡಿ ಅಂತ. ಪಿನ್ ಹಾಕಿದೀನಿ ನೋಡಿ. ಓದಿ."

ಅಂಗೈಯಗಲದ ಜೆರಾಕ್ಸ್ ಚೀಟಿ. ಕನ್ನಡದಲ್ಲೇ ಇತ್ತು, ನಾಲ್ಕು ಸಾಲು. ಯಂಕಮ್ಮ ಅದನ್ನು ಕಣ್ಣ ಮುಂದೆ ಹಿಡಿದು, ಓದುವವರು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೋ ಅಷ್ಟು ಹೊತ್ತು ತೆಗೆದುಕೊಂಡಳು. ಇದೂ ಅವಳು ವರ್ಷಗಳಿಂದ ಅಭ್ಯಾಸ ಮಾಡಿಕೊಂಡ ವಿದ್ಯೆ.

"ಓದ್ದೆ," ಅಂದಳು. "ಇಂಥವು ಯಾರು ಬೇಕಾದ್ರೂ ಜೆರಾಕ್ಸ್ ಮಾಡಿಸ್ತಾರೆ."

ಜಯಮಾಲಾ ಅವಳ ಮುಖವನ್ನೇ ನೋಡಿದಳು. ಆ ಚೀಟಿಯನ್ನು ಓದಿದ ಮೇಲೂ ಹೀಗೆ ಹೇಳುವವರಿಗೆ ಇನ್ನೇನು ಹೇಳುವುದೆಂದು ಅವಳಿಗೆ ತೋಚಲಿಲ್ಲ. ಬೇಡಿಕೊಂಡಳು, ಅತ್ತಳು. ಯಂಕಮ್ಮ ಕನಿಕರಪಟ್ಟರೂ ಜಗ್ಗಲಿಲ್ಲ. ಅವಳ ಲೆಕ್ಕ ಅವಳಿಗೆ ಸ್ಪಷ್ಟವಾಗಿತ್ತು. ಕಳ್ಳ ಸೀಲಿನ ಕಾಗದ ದೆಹಲಿಯಲ್ಲಿ ಸಿಕ್ಕಿಬಿದ್ದರೆ ಹುಡುಗಿಯ ಮೇಲೆ ಕೇಸು, ಪೊಲೀಸು, ಜನ್ಮದಲ್ಲಿ ಮತ್ತೆ ಪಾಸ್‌ಪೋರ್ಟು ಕೈಗೆ ಸಿಗುವುದಿಲ್ಲ. ಇವಳನ್ನು ಉಳಿಸಬೇಕಾದವಳು ತಾನೇ. "ಮನೇಗೋಗಿ ಯೋಚ್ನೆ ಮಾಡು. ಆ ದಲ್ಲಾಳಿ ಹೆಸ್ರು ತಂದುಕೊಡು, ಸಾಹೇಬ್ರಿಗೆ ಹೇಳಿ ಸರಿ ಮಾಡಿಸ್ತೀನಿ" ಅಂತ ಕಳಿಸಿಬಿಟ್ಟಳು. ಕಾಗದವನ್ನು ತನ್ನ ಚೀಲದಲ್ಲಿಟ್ಟುಕೊಂಡಳು. ಸಂಜೆ ಕೆಂಪರಾಜ ಮೂವತ್ತೊಂದು ಕಾಗದಗಳ ಬಂಡಲು ತೆಗೆದುಕೊಂಡು ರೈಲು ಹತ್ತಿದ. ಮೂವತ್ತೆರಡನೆಯದು ಯಂಕಮ್ಮನ ಜೊತೆ ಕಲ್ಯಾಣ ನಗರದ ಬಸ್ಸು ಹತ್ತಿತು. ಆ ರಾತ್ರಿ ಅವಳು ಒಬ್ಬ ಹುಡುಗಿಯನ್ನು ಕಾಪಾಡಿದ ಸಮಾಧಾನದಲ್ಲಿ ಚೆನ್ನಾಗಿ ನಿದ್ದೆ ಮಾಡಿದಳು.

ಬುಧವಾರ ಬೆಳಿಗ್ಗೆ ಬೇರೆಯವರ ನಾಲ್ಕು ಕಾಗದ ಹಿಡಿದು ಬಹುಮಹಡಿ ಕಟ್ಟಡಕ್ಕೆ ಹೋದಳು. ಜೊತೆಗೆ ಜಯಮಾಲಾಳದ್ದನ್ನೂ ಒಯ್ದಿದ್ದಳು, ಪದ್ಮಶ್ರೀಗೆ ತೋರಿಸಿ ದೂರು ಹೇಳಲು. ಕಿಟಕಿಯಾಚೆ ಪದ್ಮಶ್ರೀ ಎಡಗೈಯಲ್ಲಿ ಸೀಲು ಎತ್ತಿ, ಪ್ಯಾಡಿಗೆ ಒತ್ತಿ, ಮೊದಲ ಕಾಗದದ ಮೇಲೆ ಇಳಿಸಿದರು. ಎತ್ತಿದಾಗ ಯಂಕಮ್ಮನ ಕಣ್ಣು ಅಲ್ಲೇ ನಿಂತಿತು. ಗೆರೆ ಎಲ್ಲೂ ಮುರಿಯದೆ ಗುಂಡಗೆ ಪೂರ್ತಿ ಇತ್ತು. ಸೀಲಿನ ಮರದ ಹಿಡಿಯ ಮೇಲೆ ಅರಿಶಿನದ ಮೂರು ಬೆರಳಿನ ಗುರುತು, ನಡುವೆ ಕುಂಕುಮ. ಕುಂಕುಮ ಜಾರಿ ರಬ್ಬರಿನ ಅಂಚಿಗೂ ಮೆತ್ತಿತ್ತು.

"ಸೀಲು..." ಅಂದಳು.

"ಹೊಸದು ಯಂಕಮ್ಮ. ಹಳೇದು ಸವೆದೇ ಹೋಗಿತ್ತಲ್ಲ. ಹಬ್ಬಕ್ಕೆ ಬಂತು, ಪೂಜೆ ಮಾಡಿ ಸೋಮವಾರದಿಂದ ಶುರು ಮಾಡಿದ್ವಿ. ದೆಹಲಿಗೂ ಬರೆದಾಗಿದೆ. ನಿಮ್ಮೆಲ್ರಿಗೂ ಚೀಟಿ ಕೊಟ್ಟು ಕಳಿಸ್ತಾ ಇದೀವಲ್ಲ, ಓದ್ಲಿಲ್ವಾ?"

ಯಂಕಮ್ಮ ಆ ಕುಂಕುಮವನ್ನೇ ನೋಡಿದಳು. ತಾನೇ ಕೈಯಾರೆ ವರ್ಷ ವರ್ಷ ಸೀಲಿಗೆ ಕುಂಕುಮ ಹಚ್ಚುವವಳು. ಹೋದ ಬುಧವಾರವೂ ಹಚ್ಚಿದವಳು. ಹಬ್ಬದ ಮಾರನೇ ಕೆಲಸದ ದಿನ ಸಂಜೀವಪ್ಪನವರ ಸೀಲೂ ಒಂದೆರಡು ಕಾಗದದ ಮೇಲೆ ಕೆಂಪು ಉಗುಳುವುದನ್ನು ನೋಡಿ ನೋಡಿ ಒರೆಸಿದವಳು. ಆ ಕೆಂಪನ್ನು ಕಂಡು ಕಳ್ಳ ಸೀಲು ಅಂದಿದ್ದಳು. ಕಿಟಕಿಯ ಕಟ್ಟೆ ಹಿಡಿದುಕೊಂಡು, "ಓದ್ಲಿಲ್ಲ ಮೇಡಂ" ಅಂದಳು. ಪದ್ಮಶ್ರೀಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ, ಮುಂದಿನ ಕಾಗದಕ್ಕೆ ಕೈ ಚಾಚಿದರು.

ಕೆ.ಆರ್. ಪುರದ ಬಸ್ಸಿನಲ್ಲಿ ಕೂತು ಅವಳು ಮೊದಲು ಯೋಚಿಸಿದ್ದು ತಪ್ಪಿಸಿಕೊಳ್ಳುವ ದಾರಿಯನ್ನೇ. ಅದನ್ನು ಮುಚ್ಚಿಟ್ಟು ಹೇಳಿದರೆ ಅವಳ ಕತೆ ಹೇಳಿದ ಹಾಗಾಗುವುದಿಲ್ಲ. ಕೆಂಪರಾಜ ಮರೆಗುಳಿ, ಊರಿಗೆಲ್ಲ ಗೊತ್ತು. ಕಾಗದ ಮೇಜಿನ ಮೇಲೇ ಬಿಟ್ಟುಹೋದ ಅಂದರೆ ಸಂಜೀವಪ್ಪನವರು ನಂಬುತ್ತಾರೆ. ಕೆಂಪರಾಜನೂ ನಂಬಿಬಿಡುತ್ತಾನೆ, ಅಂಥವನು ಅವನು. ಹಲಸೂರು ದಾಟುವವರೆಗೂ ಅವಳು ಆ ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡಿದಳು. ಆದರೆ ಆ ಹುಡುಗಿಯ ಕಣ್ಣೆದುರೇ ಚೀಟಿ ಹಿಡಿದು ಓದ್ದೆ ಅಂದಿದ್ದಳಲ್ಲ, ಅದಕ್ಕೆ ಕೆಂಪರಾಜ ಏನು ಮಾಡಿಯಾನು? ಟಿನ್ ಫ್ಯಾಕ್ಟರಿ ಸ್ಟಾಪು ಬರುವ ಹೊತ್ತಿಗೆ ಅವಳು ಸುಳ್ಳನ್ನು ಕೈಬಿಟ್ಟಿದ್ದಳು.

ಶೀಟಿನ ಮನೆಗಳ ಸಾಲಿನಲ್ಲಿ ವಿಚಾರಿಸುತ್ತಾ ಹೋದಾಗ ಅಮೃತಮ್ಮ ಬಾಗಿಲಲ್ಲೇ ರೊಟ್ಟಿ ತಟ್ಟುತ್ತಿದ್ದಳು. ಮಗಳು ರಾತ್ರಿ ಪಾಳಿ ಮುಗಿಸಿ ಬಂದವಳು ಮಲಗಿರಲಿಲ್ಲ, ಗೋಡೆಗೊರಗಿ ಕೂತಿದ್ದಳು. ಬಸಣ್ಣ ಕೆಲಸಕ್ಕೆ ಹೋಗಿರಲಿಲ್ಲ.

"ಬರ್ರಿ ಯಕ್ಕಾ, ಒಳಗ ಬರ್ರಿ" ಅಂದಳು ಅಮೃತಮ್ಮ.

ಯಂಕಮ್ಮ ಒಳಗೆ ಹೋದರೂ ಕೂರಲಿಲ್ಲ. ಚೀಲದಿಂದ ಕಾಗದ ತೆಗೆದು ಬಸಣ್ಣನ ಕೈಗೆ ಕೊಟ್ಟಳು. "ನಿಮ್ಮ ಮಗಳದ್ದು ಏನೂ ತಪ್ಪಿಲ್ಲ. ಸೀಲು ಸರಿಯಾಗೇ ಅದೆ. ನಂದೇ ತಪ್ಪು. ಹೊಸ ಸೀಲು ಬಂದದೆ ಅಂತ ಆ ಚೀಟೀಲಿ ಬರ್ದಿತ್ತಂತೆ. ನಂಗೆ ಓದೋಕೆ ಬರಲ್ಲ."

ಜೀವಮಾನದಲ್ಲಿ ಹೊರಗಿನವರ ಎದುರು ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ನೆಲ ಬಾಯಿ ಬಿಡಲಿಲ್ಲ. ಒಲೆಯ ಮೇಲಿನ ರೊಟ್ಟಿ ಹೊತ್ತತೊಡಗಿತು, ಅಮೃತಮ್ಮ ಅದನ್ನು ಮಗುಚಿ ಹಾಕಿ ಬಂದಳು.

"ನನಗೂ ಬರಂಗಿಲ್ರಿ ಯಕ್ಕಾ," ಅಂದಳು ಅಮೃತಮ್ಮ. "ಇವರಿಗೂ ಬರಂಗಿಲ್ಲ. ಅದಕ್ಕಂತನೇ ಇಕಿನ್ನ ಓದಿಸೀವಿ."

ಅದರಲ್ಲಿ ಕುಹಕವೇನೂ ಇರಲಿಲ್ಲ, ಇದ್ದದ್ದನ್ನು ಹೇಳಿದಳು ಅಷ್ಟೇ. ಯಂಕಮ್ಮನಿಗೆ ಒಂದು ಕ್ಷಣ ಎದೆಯ ಮೇಲಿನ ಭಾರ ಇಳಿದಂತಾಯಿತು. ಆಗ ಜಯಮಾಲಾ ಗೋಡೆಯ ಬಳಿಯಿಂದ ಮಾತಾಡಿದಳು. ದನಿ ಏರಿಸಲಿಲ್ಲ.

"ಬರಲ್ಲ ಅಂದಿದ್ರೆ ನಾನೇ ಓದಿ ಹೇಳ್ತಿದ್ನಲ್ಲ ಆಂಟಿ. ಅಲ್ಲೇ ಇದ್ನಲ್ಲ. ನೀವು ಓದ್ದೆ ಅಂದ್ರಿ."

"ಇವತ್ತು ಸಂಜೆ ರೈಲಿಗೆ ನೀವೇ ತಗೊಂಡು ಹೋಗಿ, ದೆಹಲೀಲಿ ಕೆಂಪರಾಜ ಇರ್ತಾನೆ" ಅಂದಳು ಯಂಕಮ್ಮ.

ಅಪ್ಪ ಮಗಳು ಅಂದೇ ಸಂಜೆಯ ರೈಲಿಗೆ ಹೊರಟರು. ರಿಸರ್ವೇಷನ್ ಎಲ್ಲಿಂದ ಬರಬೇಕು, ಜನರಲ್ ಬೋಗಿಯಲ್ಲಿ ಬಾಗಿಲ ಬಳಿ ಕೂತು ಹೋದರು. ಯಂಕಮ್ಮ ಶಿವಾಜಿನಗರಕ್ಕೆ ವಾಪಸ್ಸು ಬಂದು ಸಂಜೀವಪ್ಪನವರಿಗೆ ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. ಆಮೇಲೆ ಸಂಬಳದ ಪುಸ್ತಕ ತೆಗೆದು ಆ ದುಂಡನೆಯ ಸಹಿಗಳನ್ನು ನೋಡಿದರು. "ಒಂಬತ್ತು ವರ್ಷ ನನ್ನ ಹೆಸರಲ್ಲಿ ಹೋದ ಕಾಗದಾನೆಲ್ಲ ಯಾರಮ್ಮ ಓದಿದ್ದು?" ಅಂತ ಕೇಳಿದರು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿದ್ದರು ಅವರು. ಕೆಂಪರಾಜ ಇಳಿಯಲಿದ್ದ ದೆಹಲಿಯ ಲಾಡ್ಜಿಗೆ ಫೋನು ಹಚ್ಚಿ, ಅವನು ಬಂದ ಕೂಡಲೇ, ಇಂಥವರು ಬರುತ್ತಾರೆ, ಸ್ಟೇಷನ್ನಿಗೆ ಹೋಗು ಅಂತ ತಿಳಿಸಲು ಹೇಳಿದರು. ಯಂಕಮ್ಮನಿಗೆ ನಾಳೆಯಿಂದ ಬರಬೇಡಿ ಅಂದರು.

ಶುಕ್ರವಾರ ಮಧ್ಯಾಹ್ನ ಅವರು ದೆಹಲಿ ಮುಟ್ಟುವ ಹೊತ್ತಿಗೆ ಅಂದಿನ ಕಾಗದ ತೆಗೆದುಕೊಳ್ಳುವ ವೇಳೆ ಮುಗಿದಿತ್ತು. ಸೋಮವಾರ ಸಚಿವಾಲಯದ ಸೀಲು ಬಿತ್ತು, ಹೊಸ ಸೀಲಿನ ಬಗ್ಗೆ ಯಾರೂ ಚಕಾರವೆತ್ತಲಿಲ್ಲ. ಮಂಗಳವಾರ ರಾಯಭಾರ ಕಚೇರಿಗೆ ಕೊಟ್ಟು ಬುಧವಾರ ತೆಗೆದುಕೊಂಡರು. ಬೆಂಗಳೂರಿಗೆ ಬಂದಿಳಿದದ್ದು ಶುಕ್ರವಾರ. ಒಂದು ದಿನ ತಡ. ಏಜೆಂಟ ನಾಲ್ಕು ಸೀಲುಗಳನ್ನೂ ನೋಡಿ, ಎಲ್ಲ ಸರಿಯಾಗಿದೆ ಅಂದ. ಅವಳ ಜಾಗವನ್ನು ಹಿಂದಿನ ಸಂಜೆಯೇ ಇನ್ನೊಬ್ಬಳಿಗೆ ಕೊಟ್ಟಾಗಿತ್ತು.

ಯಂಕಮ್ಮ ಎಂಟು ದಿನ ಮನೆಯಲ್ಲಿ ಕೂತಳು. ಜಗಲಿಯ ಮೇಲೆ ಪೇಪರು ಓದುತ್ತಿದ್ದ ರಾಮಾಂಜಿನಪ್ಪ, "ಹೋದ್ರೆ ಹೋಯ್ತು ಬಿಡೇ, ನಮಗೇನು ಊಟಕ್ಕಿಲ್ವಾ?" ಅಂದ. ಅವಳಿಗೆ ಅವನ ಪೇಪರನ್ನು ಕಿತ್ತು ಒಲೆಗೆ ಹಾಕುವಷ್ಟು ಕೋಪ ಬಂತು. ಒಂಬತ್ತನೆಯ ದಿನ ಸಂಜೀವಪ್ಪನವರೇ ಹೇಳಿ ಕಳಿಸಿದರು. ಹಳೆಯ ರಿಜಿಸ್ಟರನ್ನೆಲ್ಲ ತಾವೇ ಕೂತು ತಾಳೆ ನೋಡಿದ್ದರು, ಒಂದು ಕಾಗದವೂ ಅದಲುಬದಲಾಗಿರಲಿಲ್ಲ. ಅಲ್ಲದೆ ಅವಳಿಲ್ಲದ ಆ ಎಂಟು ದಿನದಲ್ಲಿ ಮೂರು ಅದಲುಬದಲಾಗಿದ್ದವು.

ವಾಪಸ್ಸು ಬಂದ ಯಂಕಮ್ಮ ಎರಡು ವಿಷಯದಲ್ಲಿ ಬೇರೆಯಾಗಿದ್ದಳು. ಕಾಗದ ತಂದವರಿಗೆಲ್ಲ ಮೊದಲೇ, ತುಂಬಿದ ಆಫೀಸಿನಲ್ಲಿ, "ನಂಗೆ ಓದೋಕೆ ಬರಲ್ಲ, ನೀವೇ ಓದಿ ಹೇಳಿ" ಅನ್ನುತ್ತಿದ್ದಳು. ಕೆಲವರು ನಕ್ಕರು, ಕೆಲವರು ಕಾಗದ ವಾಪಸ್ಸು ತೆಗೆದುಕೊಂಡು ಪಕ್ಕದ ನೋಟರಿಗೆ ಹೋದರು. ಮೊದಮೊದಲು ಆ ಮಾತು ಹೇಳುವಾಗ ಅವಳ ಮುಖ ಕೆಂಪಾಗುತ್ತಿತ್ತು. ಬರಬರುತ್ತಾ ಅದು, ಮೆಟ್ಟಿಲು ಕಡಿದು, ನೋಡಿ ಇಳೀರಿ ಅನ್ನುವ ಮಾತಿನಂತಾಯಿತು. ಇನ್ನೊಂದು ಅಂದರೆ, ಸೀಲು ನೋಡುವುದನ್ನು ಬಿಟ್ಟಳು. ಯಾರಾದರೂ ಕಾಗದ ಮುಂದೆ ಹಿಡಿದರೆ, "ಅದೆಲ್ಲ ನಂಗೊತ್ತಾಗಲ್ಲ, ಸಾಹೇಬ್ರನ್ನ ಕೇಳಿ" ಅಂತ ಮುಖ ತಿರುಗಿಸುವಳು. ಸಂಜೀವಪ್ಪನವರು ಹೇಳಿದರೂ ಕೇಳಲಿಲ್ಲ.

ಎರಡು ಸಾವಿರದ ಮೂರರ ಜನವರಿಯಲ್ಲಿ ಜಯಮಾಲಾ ಮತ್ತೆ ಆ ಮೆಟ್ಟಿಲು ಹತ್ತಿ ಬಂದಳು. ಈ ಸಲ ಮಸ್ಕತ್ತು. ಮಂಗಳವಾರ, ಬೆಂಚಿನ ಮೇಲೆ ಆರೇಳು ಜನ ಕಾದಿದ್ದರು. ಯಂಕಮ್ಮ ಅವಳನ್ನು ನೋಡಿದ ಕೂಡಲೇ ಗುರುತು ಹಿಡಿದಳು, ಫೋಟೋ ಬೇಕಾಗಲಿಲ್ಲ. ಸಂಜೀವಪ್ಪನವರು ಒಳಗೇ ಇದ್ದರು. ಅವಳನ್ನು ಅಲ್ಲಿಗೆ ಕಳಿಸಿಬಿಡೋಣ ಅನ್ನಿಸಿತು. ಹುಡುಗಿ ಆಗಲೇ ಅವಳ ಮೇಜಿನ ಮುಂದೆ ಕೂತಿದ್ದಳು.

"ನಂಗೆ ಓದೋಕೆ ಬರಲ್ಲ ಕಣವ್ವ," ಅಂದಳು ಯಂಕಮ್ಮ. "ನೀನೇ ಓದಿ ಹೇಳು."

ಜಯಮಾಲಾ ಡಿಪ್ಲೊಮಾ ಓದಿದಳು. ಅನುಭವದ ಸರ್ಟಿಫಿಕೇಟು ಓದಿದಳು. ಮೇಲಿನ ಸಾಲಿನಿಂದ ಕೆಳಗಿನ ಸಹಿಯವರೆಗೆ, ಇಂಗ್ಲಿಷಿನಲ್ಲಿ ಇದ್ದದ್ದನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಾ, ಒಂದು ಸಾಲನ್ನೂ ಹಾರಿಸದೆ ಓದಿದಳು. ಬೆಂಚಿನ ಮೇಲಿದ್ದವರು ಮಾತು ನಿಲ್ಲಿಸಿ ಕೇಳಿದರು. ಯಂಕಮ್ಮ ಹಳದಿ ದಾರ ಕೈಯಲ್ಲಿ ಹಿಡಿದು, ಮುಗಿಯುವವರೆಗೂ ತಲೆ ಬಗ್ಗಿಸಿಕೊಂಡು ಕೂತಿದ್ದಳು. ಲಕೋಟೆಗೆ ಹಾಕಲು ಕೈ ಚಾಚಿದಳು.

ಜಯಮಾಲಾ ಕಾಗದ ಕೊಡಲಿಲ್ಲ. ಅನುಭವದ ಸರ್ಟಿಫಿಕೇಟನ್ನು ತಿರುಗಿಸಿ, ಬೆನ್ನು ಮೇಲೆ ಮಾಡಿ, ಅವಳ ಮುಂದಿಟ್ಟಳು.

"ಇದನ್ನೂ ನಾನೇ ಹೋಗಿ ಹಾಕಿಸ್ಕೊಂಡು ಬಂದೆ ಆಂಟಿ. ಸೀಲು ಸರಿಯಿದ್ಯಾ ನೋಡಿ. ಅದು ನಂಗೆ ಗೊತ್ತಾಗಲ್ಲ."

ಸಾಹೇಬ್ರನ್ನ ಕೇಳು ಅನ್ನಲು ಯಂಕಮ್ಮ ಬಾಯಿ ತೆರೆದಳು. ಆದರೆ ಎದ್ದು, ಕಾಗದವನ್ನು ಕಿಟಕಿಗೆ ಹಿಡಿದು, ಬಹಳ ಹೊತ್ತು ನೋಡಿದಳು.

"ಸರಿಯಾಗದೆ," ಅಂದಳು. "ಹೋಗಿ ಬಾ."